ರಿಪೋರ್ಟ್ ನಾರ್ಮಲ್, ಆದರೂ ಆ ಎಂಟು ದಿನ ಯಾಕೆ ಹೀಗೆ?

(ಬ್ಯಾಡಗಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮತ್ತು ಕಾಲೇಜು ವಿದ್ಯಾರ್ಥಿನಿಯರ ಎದುರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಜೀವಶಾಸ್ತ್ರ ಕಲಿಸುವವಳು. ಮುಟ್ಟಿನ ಬಗ್ಗೆ ಈಗೀಗ ಅಷ್ಟೋ ಇಷ್ಟೋ ಮಾತಾಡುತ್ತೇವೆ. ಮುಟ್ಟಿಗೆ ಮುಂಚಿನ ದಿನಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಇವತ್ತು ಅದೇ ಮಾತು.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಮೂರನೆಯ ರೊಟ್ಟಿ ಹಂಚಿಗೆ ಹಾಕುವಾಗ ಹರಿಯಿತು. ಅಷ್ಟೇ. ಹಿಟ್ಟಿನ ಪರಾತ ಆಚೆ ತಳ್ಳಿ, ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಮ್ಮ ಅತ್ತೆ ಬಂದು ಗ್ಯಾಸ್ ಆರಿಸಿದರು. "ಬಿಡವಾ, ನಾಡಿದ್ದು ಹೊರಗಾಗ್ತಿ, ತಾನ ಸಮ ಆಗ್ತೈತಿ" ಅಂದರು. ಅವರು ಹೇಳಿದ ಹಾಗೇ ಆಯಿತು.

ಆದರೆ ಮುಂದಿನ ತಿಂಗಳು ಮತ್ತೆ ಅದೇ. ತೋರಿಸಲು ಹೋದೆ. ರಕ್ತ ಪರೀಕ್ಷೆ ಮಾಡಿಸಿದರು. ಹಾರ್ಮೋನ್ ಎಲ್ಲಾ ನಾರ್ಮಲ್. "ಸುಮ್ನೆ ಟೆನ್ಷನ್ ತಗೋಬ್ಯಾಡ್ರಿ" ಎಂದು ಕಳಿಸಿದರು. ಆ ರಿಪೋರ್ಟ್ ಕೈಯಲ್ಲಿ ಹಿಡಿದು ಬರುವಾಗ ಅನಿಸಿದ್ದು, ಹಾಗಾದರೆ ನನ್ನ ಸ್ವಭಾವವೇ ಕೆಟ್ಟದ್ದಾ? ಇಲ್ಲಿ ಕೂತವರಲ್ಲಿ ಎಷ್ಟೋ ಜನರಿಗೆ ಹೀಗೆ ಅನಿಸಿರಬೇಕು. ಹಾಗಾಗಿಯೇ ಈ ವಿಷಯ ಓದಲು ಕೂತೆ.

ಮೊದಲು ತಿಂಗಳ ಲೆಕ್ಕ ನೋಡೋಣ. ಸುಮಾರು 28 ದಿನದ ಚಕ್ರ ಅಂತಿಟ್ಟುಕೊಳ್ಳಿ. 21ರಿಂದ 35 ದಿನದವರೆಗೂ ಸಹಜವೇ. ಮೊದಲ ಅರ್ಧದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರುತ್ತದೆ. ನಡುವೆ ಅಂಡ ಬಿಡುಗಡೆಯಾಗುತ್ತದೆ. ಅಂಡ ಹೊರಬಂದ ಜಾಗದಲ್ಲಿ ಒಂದು ಹಳದಿ ಗಂಟು ಉಳಿಯುತ್ತದೆ, ಕಾರ್ಪಸ್ ಲ್ಯೂಟಿಯಂ. ಎರಡು ವಾರದ ಆಯುಷ್ಯ ಅದಕ್ಕೆ. ಅಷ್ಟು ದಿನ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಸುರಿಸುತ್ತದೆ. ಗರ್ಭ ನಿಲ್ಲದಿದ್ದರೆ ಗಂಟು ಬಾಡುತ್ತದೆ, ಎರಡೂ ಹಾರ್ಮೋನು ಇಳಿಯುತ್ತವೆ, ಮುಟ್ಟು ಬರುತ್ತದೆ. ನಮ್ಮ ಕಷ್ಟದ ದಿನಗಳು ಬರುವುದು ಈ ಎರಡನೇ ಅರ್ಧದಲ್ಲಿ, ಅದರಲ್ಲೂ ಕೊನೆಯ ವಾರದಲ್ಲಿ.

ಹೊಟ್ಟೆ ಕಟ್ಟುವುದು, ಮಲಬದ್ಧತೆ ಆಗುವುದಕ್ಕೆ ಒಂದು ಕಾರಣ ಪ್ರೊಜೆಸ್ಟರಾನ್ ಕರುಳಿನ ಓಟವನ್ನು ನಿಧಾನ ಮಾಡುವುದು. ಎದೆ ಭಾರವಾಗಿ ನೋಯುವುದು ಹಾಲಿನ ಗ್ರಂಥಿಗಳು ಈ ಹಾರ್ಮೋನುಗಳಿಗೆ ಓಗೊಡುವುದರಿಂದ. ಮೈ ಬಿಸಿಯೂ ಅರ್ಧ ಡಿಗ್ರಿಯ ಆಸುಪಾಸು ಏರಿರುತ್ತದೆ. ಇದನ್ನೆಲ್ಲ ಜನ ಒಪ್ಪುತ್ತಾರೆ. ಮನಸ್ಸಿನ ಮಾತು ಬಂದಾಗ ಮಾತ್ರ "ನಾಟಕ" ಅನ್ನುತ್ತಾರೆ. ಅದಕ್ಕೇ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಾರ್ಮೋನ್ ಎಲ್ಲರಲ್ಲೂ ಏರಿಳಿಯುತ್ತದೆ. ಹಾಗಿದ್ದರೆ ಒಬ್ಬಳಿಗೆ ಏನೂ ಆಗದೆ ಇನ್ನೊಬ್ಬಳಿಗೆ ಜೀವವೇ ಬೇಡ ಅನಿಸುವುದು ಯಾಕೆ? ನೀವು ಮೆಣಸಿನಕಾಯಿ ತೊಟ್ಟು ಬಿಡಿಸುವವರು, ನಿಮಗೆ ಹೇಳಬೇಕಾ? ಒಂದೇ ಪಲ್ಯ, ಒಂದೇ ಪುಡಿ. ಗಂಡ ಇನ್ನಷ್ಟು ಖಾರ ಹಾಕು ಅನ್ನುತ್ತಾನೆ, ಮಗುವಿನ ಕಣ್ಣಲ್ಲಿ ನೀರು. ಬರೀ ಪುಡಿಯನ್ನು ಪರೀಕ್ಷೆಗೆ ಕಳಿಸಿದರೆ ನಾಲಿಗೆಯ ಕಥೆ ತಿಳಿಯುತ್ತದಾ? ನನ್ನ ರಕ್ತದ ರಿಪೋರ್ಟ್ ಹೇಳಿದ್ದು ಪುಡಿಯ ವಿಷಯ ಮಾತ್ರ.

ಇದನ್ನು ತೋರಿಸಿದ ಒಂದು ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಸ್ಮಿತ್ ಮತ್ತು ಸಂಗಡಿಗರು ಮಾಡಿದ್ದು. ಈ ತೊಂದರೆ ಜೋರಾಗಿದ್ದ 10 ಮಹಿಳೆಯರಿಗೆ ಅಂಡಾಶಯದ ಕೆಲಸವನ್ನೇ ತಾತ್ಕಾಲಿಕವಾಗಿ ನಿಲ್ಲಿಸುವ ಔಷಧಿ ಕೊಟ್ಟರು. ತೊಂದರೆ ಕಡಿಮೆಯಾಯಿತು. ಆಮೇಲೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನ್ ಅನ್ನು ಸಹಜ ಪ್ರಮಾಣದಲ್ಲೇ ಹೊರಗಿನಿಂದ ಕೊಟ್ಟರು. ಅಳು, ಸಿಟ್ಟು, ಬೇಸರ ವಾಪಸ್ ಬಂದವು. ಈ ತೊಂದರೆಯೇ ಇಲ್ಲದ 15 ಮಹಿಳೆಯರಿಗೂ ಅದೇ ಔಷಧಿ, ಅದೇ ಹಾರ್ಮೋನ್ ಕೊಟ್ಟರು. ಅವರ ಮನಸ್ಸಿಗೆ ಏನೂ ಆಗಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಹಾರ್ಮೋನ್ ಸರಿಯಿತ್ತು, ನನ್ನ ಅಳುವೂ ನಿಜವಿತ್ತು. ಎರಡೂ ಒಟ್ಟಿಗೆ ಇರಬಹುದು ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಮೆದುಳಿನೊಳಗೆ ಏನಾಗುತ್ತದೆ? ಪ್ರೊಜೆಸ್ಟರಾನ್ ಒಡೆದು ಅಲೋಪ್ರೆಗ್ನನಲೋನ್ ಎಂಬ ವಸ್ತು ಆಗುತ್ತದೆ. ಹೆಸರು ಉದ್ದ, ನೆನಪಿಡಬೇಕಿಲ್ಲ. ಮೆದುಳನ್ನು ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕ ಇದೆಯಲ್ಲ, ಅದು ಹೋಗಿ ಕೂರುವ ಜಾಗದಲ್ಲೇ ಇದೂ ಕೆಲಸ ಮಾಡುತ್ತದೆ. ಹೆಚ್ಚಿನವರಿಗೆ ಇದರಿಂದ ಮನಸ್ಸು ಹಗುರ. ಕೆಲವರ ಮೆದುಳು ಇದರ ಏರಿಳಿತಕ್ಕೆ ಹೊಂದಿಕೊಳ್ಳುವುದಿಲ್ಲ. ಶಾಂತ ಮಾಡಬೇಕಾದದ್ದೇ ಕೆರಳಿಸುತ್ತದೆ. ಮನಸ್ಥಿತಿಗೆ ಸಂಬಂಧಿಸಿದ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕವೂ ಇದರಲ್ಲಿ ಸೇರಿದೆ. ಅದನ್ನು ಹೆಚ್ಚಿಸುವ ಮಾತ್ರೆಗಳು ಖಿನ್ನತೆಯಲ್ಲಿ ಕೆಲಸ ಮಾಡಲು ವಾರಗಟ್ಟಲೆ ಬೇಕು. ಈ ತೊಂದರೆಯಲ್ಲಿ ಎಷ್ಟೋ ಜನರಿಗೆ ಕೆಲವೇ ದಿನದಲ್ಲಿ ಗುಣ ಕಾಣುತ್ತದೆ. ತಿಂಗಳ ಎರಡನೇ ಅರ್ಧದಲ್ಲಿ ಮಾತ್ರ ತೆಗೆದುಕೊಳ್ಳುವ ಕ್ರಮವೂ ಇದೆ. ಆದರೆ ಮೆಡಿಕಲ್ ಶಾಪಿಗೆ ಹೋಗಿ ನೀವೇ ಕೇಳಬೇಡಿ. ಡಾಕ್ಟರ್ ನೋಡಿಯೇ ಕೊಡಬೇಕು.

ಸಣ್ಣ ಪ್ರಮಾಣದ ಬದಲಾವಣೆ ಬಹಳ ಜನರಿಗೆ ಆಗುತ್ತದೆ. ದಿನದ ಕೆಲಸಕ್ಕೆ ಅಡ್ಡಿಯಾದರೆ ಪಿಎಂಎಸ್ ಅನ್ನುತ್ತಾರೆ, ಅಂದರೆ ಮುಟ್ಟಿನ ಮುಂಚಿನ ತೊಂದರೆಗಳ ಗುಂಪು. ಮನಸ್ಸೇ ಮುರಿದುಬೀಳುವಷ್ಟು ತೀವ್ರವಾದರೆ ಅದು ಪಿಎಂಡಿಡಿ, ಅಂದರೆ ಮುಟ್ಟಿನ ಮುಂಚೆ ಬರುವ ಮನಸ್ಸಿನ ಕಾಯಿಲೆ. ಮನೋವೈದ್ಯರ ಕೈಪಿಡಿಯಲ್ಲಿ 2013ರಿಂದ ಅದಕ್ಕೆ ಸ್ವತಂತ್ರ ಕಾಯಿಲೆಯ ಸ್ಥಾನವಿದೆ.

ಇದನ್ನು ಹಿಡಿಯುವುದು ಹೇಗೆ? ರಕ್ತದಲ್ಲಿ ಸಿಗುವುದಿಲ್ಲ, ತಾರೀಖಿನಲ್ಲಿ ಸಿಗುತ್ತದೆ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೆವು. ಅದೇ ಚೌಕದ ಮೂಲೆಯಲ್ಲಿ ನಾನು ಒಂದೊಂದು ಅಕ್ಷರ ಬರೆದೆ. ಸಿಟ್ಟಿಗೆ 'ಸಿ', ಅಳುವಿಗೆ 'ಅ', ಹೊಟ್ಟೆ ಉಬ್ಬರಕ್ಕೆ 'ಉ', ನಿದ್ದೆಗೆಟ್ಟರೆ 'ನಿ'. ದಿನಾ ರಾತ್ರಿ, ಮಲಗುವ ಮುಂಚೆ. ಎರಡು ತಿಂಗಳಾದ ಮೇಲೆ ಹಾಳೆ ಬಿಚ್ಚಿ ನೋಡಿದೆ. ಮುಟ್ಟಿನ ಹಿಂದಿನ ಎಂಟು ದಿನ ಅಕ್ಷರ ಹಿಡಿಸದಷ್ಟು ತುಂಬಿದ್ದವು. ಮುಟ್ಟಿನ ಎರಡನೇ ದಿನದ ಆಚೆ ಬರೀ ಹಾಲಿನ ಲೀಟರು. ನಮ್ಮ ಅತ್ತೆ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಆದರೆ ಇದನ್ನು ಅವರು ಕಣ್ಣಲ್ಲೇ ಲೆಕ್ಕ ಹಾಕಿದ್ದರು.

ನೀವೂ ಹಾಗೆ ಬರೆಯಿರಿ. ಎರಡು ತಿಂಗಳು ಸಾಕು. ಅಕ್ಷರಗಳು ಮುಟ್ಟಿನ ಮುಂಚೆ ಮಾತ್ರ ಗುಂಪುಗೂಡಿದರೆ ಒಂದು ಮಾತು. ತಿಂಗಳಿಡೀ ಹರಡಿದ್ದರೆ ಬೇರೆ ಮಾತು. ಆಗ ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವನ್ನು ನೋಡಿಸಬೇಕು. ಆ ಹಾಳೆಯನ್ನೇ ಡಾಕ್ಟರ್ ಮುಂದೆ ಇಡಿ. ಹತ್ತು ಮಾತು ಹೇಳುವುದಕ್ಕಿಂತ ಅದು ಒಳ್ಳೆಯದು.

ಗಂಡಸರೂ ನಾಲ್ಕು ಜನ ಬಂದಿದ್ದೀರಿ, ಸಂತೋಷ. ಆ ದಿನಗಳಲ್ಲಿ "ನಿನ್ನ ಡೇಟ್ ಬಂತೇನು" ಎಂದು ಜಗಳದ ನಡುವೆ ಕೇಳಬೇಡಿ. ಅವಳು ಹೇಳುತ್ತಿರುವ ದೂರು ನಿಜವೂ ಇರಬಹುದು. ಕ್ಯಾಲೆಂಡರ್ ನೋಡಿ ಅವತ್ತಿನ ನೀರು, ಅಡುಗೆ ನೀವು ಮಾಡಿ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಆ ದಿನಗಳಲ್ಲಿ ಸಾಯಬೇಕು ಅನಿಸಿದರೆ ಮುಟ್ಟು ಬರಲಿ ಎಂದು ಕಾಯಬೇಡಿ. ಮನೆಯಲ್ಲಿ ಯಾರಿಗಾದರೂ ಆಗಲೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಸರ್ಕಾರದ್ದೇ. ಅಲ್ಲಿಗೆ ಹೋಗುವವರೆಲ್ಲ ಹುಚ್ಚರು ಎಂಬ ಮಾತನ್ನು ನಂಬಬೇಡಿ.

ನಂಬರನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಹಿಂದಿನ ಸಾಲಿನ ಅಕ್ಕ ಆಗಲೇ ಕೈ ಎತ್ತಿದ್ದಾರೆ. ಕೇಳ್ರಿ ಅಕ್ಕಾ.