ಪದಕದ ಅಂಚಿನಲ್ಲಿ ಒಂದು ಹೆಸರು

ಕೇಳುಗರಿಗೆ ನಮಸ್ಕಾರ.

ಬ್ರಿಟಿಷ್ ಸೇನೆಯ ಯುದ್ಧ ಪದಕಗಳ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಲಂಡನ್ನಿನತ್ತ ಹೋಗುತ್ತದೆ. ಆದರೆ ಆ ಚರಿತ್ರೆಯ ಮುಖ್ಯ ಅಧ್ಯಾಯವೊಂದು ಕಾವೇರಿಯ ದಂಡೆಯಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ, ಆ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿಯು ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ ನಡೆಸುತ್ತಿದ್ದ ಸೋಹೊ ಟಂಕಸಾಲೆಯಲ್ಲಿ ಪದಕವೊಂದನ್ನು ಅಚ್ಚು ಹಾಕಿಸಿತು. ಅದರ ಅಚ್ಚನ್ನು ರೂಪಿಸಿದವನು ಕೂಕ್ಲರ್ ಎಂಬ ಕಲಾವಿದ.

ಪದಕದ ಅಗಲ 48 ಮಿಲಿಮೀಟರ್. ಅಂಗೈಯ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೇಲೆರಗಿದೆ. ಹುಲಿ ಯಾರೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಅದು ಟಿಪ್ಪು ಸುಲ್ತಾನನ ಲಾಂಛನ. ಮೇಲೆ ಹಾರುವ ಬಾವುಟದಲ್ಲಿ ಅರಬ್ಬಿ ಅಕ್ಷರಗಳಿವೆ: ‘ದೇವರ ಸಿಂಹವೇ ಜಯಶಾಲಿ’ ಎಂದು ಅದರ ಅರ್ಥ. ಇದೇ ಮಾತನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಸಿದ್ದನು. ಕೋಟೆಯನ್ನು ಕಿತ್ತುಕೊಂಡವರು ಅವನ ಮಂತ್ರವನ್ನೂ ಕಿತ್ತುಕೊಂಡರು ಎಂಬುದು ಈ ಪದಕವನ್ನು ನೋಡುವಾಗಲೆಲ್ಲ ನನ್ನನ್ನು ಕಲಕುವ ಸಂಗತಿ. ಇನ್ನೊಂದು ಮುಖದಲ್ಲಿ ಒಡೆದ ಕೋಟೆಗೋಡೆಯತ್ತ ನುಗ್ಗುವ ಪಡೆಯಿದೆ, ನೆತ್ತಿಯ ಮೇಲೆ ಮಧ್ಯಾಹ್ನದ ಸೂರ್ಯನಿದ್ದಾನೆ.

ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ದರ್ಜೆಗೆ ತಕ್ಕಂತೆ. ಸೇನಾಧಿಪತಿಗಳಿಗೆ ಚಿನ್ನ, ಅವರ ಕೆಳಗಿನ ಹಿರಿಯ ಅಧಿಕಾರಿಗಳಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲಿನವರಿಗೆ ಬೆಳ್ಳಿ, ಹವಾಲ್ದಾರನಂಥವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಯಾರ ಪದಕದ ಮೇಲೂ ಪಡೆದವನ ಹೆಸರಿರಲಿಲ್ಲ. ಅಧಿಕಾರಿಯ ಹೆಸರಿಗೆ ದಾಖಲೆಗಳು, ಪತ್ರಗಳು ಇದ್ದವು; ತವರದ ಬಿಲ್ಲೆ ಪಡೆದ ಸಿಪಾಯಿಗೆ ಅವೂ ಇರಲಿಲ್ಲ.

ಆದರೂ ಸಿಪಾಯಿಗೆ ಪದಕ ಕೊಡುವ ರೂಢಿ ಕಂಪನಿಗೆ ಹೊಸತಾಗಿರಲಿಲ್ಲ. ಹೈದರಾಲಿಯ ವಿರುದ್ಧವೂ ಮರಾಠರ ವಿರುದ್ಧವೂ ಹೋರಾಡಿದ ಬಂಗಾಳದ ಸಿಪಾಯಿಗಳಿಗೆ 1784ರಲ್ಲೇ ದಖನ್ ಪದಕ ಮಂಜೂರಾಗಿತ್ತು. 1790ರಿಂದ 92ರವರೆಗಿನ ಮೈಸೂರು ಯುದ್ಧದ ಪದಕದಲ್ಲಂತೂ ಬಾವುಟ ಹಿಡಿದು ನಿಂತ ಸಿಪಾಯಿಯೇ ಚಿತ್ರವಾಗಿದ್ದಾನೆ. ಅದನ್ನು ಹಳದಿ ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅತ್ತ ಇಂಗ್ಲೆಂಡಿನಲ್ಲಿ, 1650ರ ಡನ್‌ಬಾರ್ ಕದನದ ನಂತರ ಪಾರ್ಲಿಮೆಂಟಿನ ಸೇನಾನಾಯಕ ಕ್ರಾಮ್‌ವೆಲ್ಲನ ಪಡೆಗೆ ಸಿಕ್ಕ ಪದಕವನ್ನು ಬಿಟ್ಟರೆ, ಸಾಮಾನ್ಯ ಸೈನಿಕನಿಗೆ ಬಹುಕಾಲ ಇಂಥ ಗೌರವ ದೊರೆಯಲಿಲ್ಲ.

ಆ ಸ್ಥಿತಿ ಬದಲಾದದ್ದು 1815ರ ವಾಟರ್ಲೂ ಕದನದಿಂದ. ಆ ಪದಕವನ್ನು ಅಧಿಕಾರಿ, ಸೈನಿಕ ಎಂಬ ಭೇದವಿಲ್ಲದೆ ಒಂದೇ ಬೆಳ್ಳಿಯಲ್ಲಿ ಎಲ್ಲರಿಗೂ ಕೊಟ್ಟರು. ಸತ್ತವರ ಮನೆಯವರಿಗೂ ತಲುಪಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಅಂಚಿನಲ್ಲಿ ಪಡೆದವನ ಹೆಸರನ್ನು ಒತ್ತಿದರು. ನನ್ನ ದೃಷ್ಟಿಯಲ್ಲಿ ಪದಕಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಹಿಂದಿನ ಯುದ್ಧಗಳಲ್ಲಿ ದುಡಿದವರು ಮಾತ್ರ ಕಾಯಬೇಕಾಯಿತು. 1793ರಿಂದ 1814ರವರೆಗಿನ ಕದನಗಳಿಗೆ 1847ರಲ್ಲಿ, 1803ರಿಂದ 1826ರವರೆಗಿನ ಭಾರತದ ಯುದ್ಧಗಳಿಗೆ 1851ರಲ್ಲಿ ಪದಕ ಮಂಜೂರಾದಾಗ, ಅಷ್ಟು ವರ್ಷ ಬದುಕುಳಿದವರಿಗೆ ಮಾತ್ರ ಅದು ಸಿಕ್ಕಿತು.

ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರದ ಕದನದಲ್ಲಿದ್ದರು. ಆ ಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಭಾರತೀಯ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆಯ ಹೆಸರು ಇವೆ. ಹೊರೆ ಹೊತ್ತ ಕೂಲಿ ಪಡೆಯವರಿಗೆ ಕೊಟ್ಟದ್ದು ಅದೇ ಪದಕವನ್ನೇ, ಆದರೆ ಕಂಚಿನಲ್ಲಿ. ಹಳೆಯ ಲೋಹಭೇದ ಅಲ್ಲಿ ಮತ್ತೆ ತಲೆ ಎತ್ತಿತು. ಎರಡನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸೈನಿಕರಿಗೆ ಪದಕಗಳನ್ನು ಹೆಸರಿಲ್ಲದೆಯೇ ಹಂಚಿದರು, ಭಾರತದ ಸೈನಿಕರ ಪದಕಗಳ ಮೇಲೆ ಹೆಸರು ಒತ್ತಿದರು.

1980ರ ಸುಮಾರಿಗೆ ಬೆಳ್ಳಿಯ ಬೆಲೆ ಏರಿದಾಗ ಇಂಥ ಎಷ್ಟೋ ಪದಕಗಳು ಕರಗಿಹೋದವು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಒಂದು ಉಳಿದಿದ್ದರೆ, ದಯವಿಟ್ಟು ಹೊಳಪಿಗಾಗಿ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಂಚಿನ ಅಕ್ಷರಗಳು ತೆಳುವಾಗಿರುತ್ತವೆ, ಬೇಗ ಸವೆಯುತ್ತವೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಂಖ್ಯೆ ಮೊದಲು ಕಾಣುತ್ತದೆ, ಅದರ ಮುಂದೆ ಹೆಸರು.