‘ನಿತ್ಯ’ ಎಂದರೆ ಎಷ್ಟು ಕಾಲ?

ಕೇಳುಗರಿಗೆ ನಮಸ್ಕಾರ.

1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಫ್. ಡಿ. ಮಾರಿಸ್ ಎಂಬ ಪಾದ್ರಿ ಕೆಲಸ ಕಳೆದುಕೊಂಡರು. ಅದೂ ಒಂದು ಪದದ ದೆಸೆಯಿಂದ. ಬೈಬಲಿನ ‘ನಿತ್ಯ’ ಕಾಲದ ಅಳತೆಯಲ್ಲ, ದೇವರನ್ನು ಅರಿತು ಬಾಳುವುದೇ ನಿತ್ಯಜೀವ, ಅವನಿಂದ ದೂರವಾಗುವುದೇ ನಿತ್ಯಮರಣ ಎಂದು ಅವರು ಬರೆದಿದ್ದರು. ಪಾಪಿಗಳಿಗೆ ನರಕದ ದಂಡನೆ ಕೊನೆಯಿಲ್ಲದ್ದೋ, ಇಲ್ಲ ಕೊನೆಗೆ ಎಲ್ಲರೂ ಉಳಿಯುವರೋ ಎಂಬ ಹಳೆಯ ಜಗಳ ಇದರ ಹಿಂದಿದೆ. ಎಲ್ಲರಿಗೂ ರಕ್ಷಣೆ ಖಂಡಿತ ಎಂದೇನೂ ಅವರು ಸಾರಿರಲಿಲ್ಲ. ಆಡಳಿತ ಮಂಡಳಿಗೆ ಅಷ್ಟೇ ಸಾಕಾಯಿತು.

ಮೂಲ ಗ್ರೀಕಿನಲ್ಲಿ ಆ ಪದ ‘ಅಯೋನಿಯೊಸ್’. ಯುಗ ಎಂಬ ಅರ್ಥದ ‘ಅಯೋನ್’ನಿಂದ ಹುಟ್ಟಿದ್ದು. ಬರಲಿರುವ ಯುಗಕ್ಕೆ ಸೇರಿದ್ದು ಎಂದೂ ಓದಬಹುದು, ಕೊನೆಯೇ ಇಲ್ಲದ್ದು ಎಂದೂ ಓದಬಹುದು. ನಮ್ಮ ‘ನಿತ್ಯ’ವೇನು ಕಡಿಮೆಯೇ? ನಿತ್ಯದ ಅಡುಗೆ ಎಂದರೆ ದಿನದಿನದ್ದು, ನಿತ್ಯಸತ್ಯ ಎಂದರೆ ಎಂದೆಂದಿಗೂ ಇರುವಂಥದ್ದು.

ಐದನೇ ಶತಮಾನದಲ್ಲಿ ಕ್ರೈಸ್ತ ಗುರು ಆಗಸ್ಟಿನ್ ಈ ಸಡಿಲಿಕೆಗೆ ಅವಕಾಶ ಕೊಡಲಿಲ್ಲ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಕೊನೆಯ ವಚನದಲ್ಲಿ ದಂಡನೆಗೂ ಜೀವಕ್ಕೂ ಅದೇ ‘ನಿತ್ಯ’ ಇದೆ. ದಂಡನೆ ಮುಗಿಯುತ್ತದೆ ಎನ್ನುವವರು ಜೀವವೂ ಮುಗಿಯುತ್ತದೆ ಎಂದು ಒಪ್ಪಬೇಕಲ್ಲ? ಗಟ್ಟಿ ವಾದ, ಸುಲಭಕ್ಕೆ ಅಲ್ಲಾಡುವುದಿಲ್ಲ.

ಆದರೆ ಇದೇ ತಕ್ಕಡಿಯಲ್ಲಿ ಯೇಸುವಿನ ಆದಿ ಪ್ರಚಾರಕ ಪೌಲನ ಮಾತನ್ನೂ ತೂಗಿ ನೋಡಿ. ಆದಾಮನಲ್ಲಿ ಎಲ್ಲರೂ ಸಾಯುವಂತೆಯೇ ಕ್ರಿಸ್ತನಲ್ಲಿ ಎಲ್ಲರೂ ಜೀವ ಹೊಂದುವರು ಎಂದು ಕೊರಿಂಥದವರಿಗೆ ಅವನು ಬರೆದ. ಇಲ್ಲಿಯೂ ‘ಎಲ್ಲರೂ’ ಎರಡು ಸಲ ಬರುತ್ತದೆ. ಮತ್ತಾಯನಲ್ಲಿ ಎರಡೂ ‘ನಿತ್ಯ’ಗಳು ಸಮ ಎಂದು ಪಟ್ಟು ಹಿಡಿಯುವವರೇ ಇಲ್ಲಿ ಎರಡನೆಯ ‘ಎಲ್ಲರೂ’ ಎಂದರೆ ನಂಬಿದವರು ಮಾತ್ರ ಎನ್ನುತ್ತಾರೆ. ಎಲ್ಲರೂ ಉಳಿಯುವರು ಎನ್ನುವ ಎದುರು ಪಕ್ಷದವರು ಅದನ್ನೇ ತಿರುಗುಮುರುಗಾಗಿ ಮಾಡುತ್ತಾರೆ. ವ್ಯಾಕರಣ ಇಬ್ಬರಿಗೂ ಬೇಕಾದಾಗ ಮಾತ್ರ ನೆನಪಾಗುತ್ತದೆ!

ಮೂರನೇ ಶತಮಾನದ ಕ್ರೈಸ್ತ ಚಿಂತಕ ಒರಿಗೆನ್‌ಗೆ ದೇವರ ಬೆಂಕಿ ಸುಟ್ಟು ಹಾಕುವುದಲ್ಲ, ಪುಟಕ್ಕಿಟ್ಟು ಶುದ್ಧ ಮಾಡುವುದು. ಕೊನೆಗೆ ಎಲ್ಲವೂ ದೇವರಲ್ಲಿಗೆ ಮರಳೀತು ಎಂಬುದು ಅವನ ನಿರೀಕ್ಷೆ. ಅವನು ಸತ್ತು ಸುಮಾರು 300 ವರ್ಷಗಳ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಬಿಷಪ್‌ಗಳ ಮಹಾಸಭೆಯ ಹೊತ್ತಿಗೆ, ಅವನಿಗೆ ಪಾಷಂಡಿಯ ಹಣೆಪಟ್ಟಿ ಬಿತ್ತು. ಹೆಚ್ಚುಕಡಿಮೆ ಅದನ್ನೇ ಹೇಳಿದ್ದ ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ ಮಾತ್ರ ಸಂತನಾಗಿಯೇ ಉಳಿದ.

ಪದಗಳಾಚೆಗೂ ಒಂದು ತೊಡಕಿದೆ. ಬೇಡ ಎನ್ನುವವನನ್ನು ದೇವರು ಎಳೆದು ತಂದರೆ ಅದು ಪ್ರೀತಿಯೇ? ಕೊನೆತನಕ ಬೇಡ ಎನ್ನುವಷ್ಟು ಸ್ವಾತಂತ್ರ್ಯ, ನಿಜವನ್ನು ಪೂರ್ತಿ ಕಂಡವನಿಗೂ ಉಳಿದಿರುತ್ತದೆಯೇ? ಕಳೆದ ಶತಮಾನದಲ್ಲಿ ಕ್ಯಾಥೊಲಿಕ್ ಚಿಂತಕ ಬಾಲ್ತಸಾರ್, ಎಲ್ಲರೂ ಉಳಿಯುವರೆಂದು ಹೇಳಲಾರೆವು, ಹಾಗೆಂದು ಆಶಿಸಲು ಅಡ್ಡಿಯಿಲ್ಲ ಎಂದ. ಅದಕ್ಕೂ ಬೈಗುಳ ತಿಂದ.

ಅಂದ ಹಾಗೆ, 1866ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮಾರಿಸರನ್ನು ಕರೆದು ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು. ವಿಷಯ: ನೀತಿಶಾಸ್ತ್ರ.