ಪಕ್ಕದ ಬಣ್ಣ ಯಾವುದು?

ಕೇಳುಗರಿಗೆ ನಮಸ್ಕಾರ. ಮನೆಯ ಗೋಡೆಗೆ, ಪರದೆಗೆ, ಮೈಮೇಲಿನ ಬಟ್ಟೆಗೆ ಒಪ್ಪುವ ಬಣ್ಣಗಳನ್ನು ಎಲ್ಲಿ ಹುಡುಕಬೇಕು ಅನ್ನುವುದು ಇವತ್ತಿನ ಮಾತು. ಶೇಡ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ರೇಡಿಯೊ ಹಾಕಿದವರಿದ್ದರೆ, ದಯವಿಟ್ಟು ಸ್ವಲ್ಪ ಹೊತ್ತು ಅದನ್ನು ಮಡಚಿ ಬದಿಗಿಡಿ. ಅದರಲ್ಲಿ ಒಂದೊಂದೇ ಚೌಕ ನೋಡುತ್ತ ಹೋದರೆ ಎಲ್ಲವೂ ಚೆಂದವೇ. ಗೋಡೆಗೆ ಬಳಿದ ಮೇಲೆ ಮಾತ್ರ ‘ನಾನು ಕೇಳಿದ್ದು ಇದಲ್ಲವಲ್ಲ’ ಅನಿಸುತ್ತದೆ. ಬಣ್ಣ ಒಂಟಿಯಾಗಿ ಕಾಣುವುದೇ ಇಲ್ಲ. ಪಕ್ಕದಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇವತ್ತು ನಾನು ಹೇಳುವುದು ಇದೊಂದನ್ನೇ. ನಿಮಗೆ ಬೇಸರವಾಗುವಷ್ಟು ಸಲ ಹೇಳುತ್ತೇನೆ.

ಇದನ್ನು ಬಿಡಿಸಿ ತೋರಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್. ಗೋಡೆಗೆ ತೂಗುಹಾಕುವ ಚಿತ್ರ ನೇಯ್ಗೆಗೆ ಹೆಸರಾದ ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಗೆ ಅವರು 1824ರಲ್ಲಿ ಬಣ್ಣಗಾರಿಕೆ ವಿಭಾಗದ ನಿರ್ದೇಶಕರಾಗಿ ಬಂದರು. ಅಲ್ಲಿ ಒಂದು ದೂರಿತ್ತು. ನೀಲಿ, ನೇರಳೆ ನೆರಿಗೆಗಳಲ್ಲಿ ನೆರಳು ತೋರಿಸಲು ಬಳಸುವ ಕಪ್ಪು ನೂಲಿಗೆ ಕಸುವಿಲ್ಲ, ಮಂಕಾಗಿದೆ ಅಂತ. ಯಾರೇ ಆದರೂ ಬಣ್ಣದ ತೊಟ್ಟಿಯನ್ನೇ ಅನುಮಾನಿಸುತ್ತಾರೆ. ಶೆವ್ರಲ್ ಬೇರೆ ಕಡೆಯ ಕಪ್ಪು ಉಣ್ಣೆ ತರಿಸಿ ಹೋಲಿಸಿದರು. ನೂಲಿನಲ್ಲಿ ದೋಷವೇ ಇರಲಿಲ್ಲ. ಪಕ್ಕದ ನೀಲಿ, ನೇರಳೆಗಳು ಅದನ್ನು ಮಂಕು ಮಾಡುತ್ತಿದ್ದವು.

ನನಗೆ ಇನ್ನೂ ಇಷ್ಟವಾದ ಪ್ರಸಂಗ ಬೇರೆಯದು. ಬಟ್ಟೆ ವ್ಯಾಪಾರಿಗಳು ಕೆಂಪು, ನೇರಳೆ, ನೀಲಿ ಬಟ್ಟೆ ಕೊಟ್ಟು ಮೂರರ ಮೇಲೂ ಕಪ್ಪು ಚಿತ್ತಾರ ಅಚ್ಚು ಹಾಕಿಸಿದರು. ಮಾಲು ಬಂದ ಕೂಡಲೇ ತಕರಾರು. ಕೆಂಪಿನ ಮೇಲಿನ ಚಿತ್ತಾರ ಹಸಿರು ಹೊಡೆಯುತ್ತಿದೆ, ನೇರಳೆಯ ಮೇಲಿನದು ಹಸಿರು ಬೆರೆತ ಹಳದಿ, ನೀಲಿಯ ಮೇಲಿನದು ತಾಮ್ರ. ಕಪ್ಪು ಎಲ್ಲಿ ಸ್ವಾಮಿ? ಶೆವ್ರಲ್ ವಾದಕ್ಕೆ ಇಳಿಯಲಿಲ್ಲ. ಬಿಳಿ ಕಾಗದವನ್ನು ಚಿತ್ತಾರದ ಆಕಾರಕ್ಕೆ ಕತ್ತರಿಸಿ, ಹಿನ್ನೆಲೆ ಮುಚ್ಚಿ, ಚಿತ್ತಾರವಷ್ಟೇ ಕಾಣುವಂತೆ ಇಟ್ಟರು. ಮೂರೂ ಅಚ್ಚ ಕಪ್ಪು! ನಮ್ಮ ಕಣ್ಣು ಒಂದು ಬಣ್ಣವನ್ನು ನೋಡುತ್ತಲೇ ಅದರ ವಿರುದ್ಧ ಬಣ್ಣವನ್ನು ಪಕ್ಕದ್ದಕ್ಕೆ ಸವರಿಬಿಡುತ್ತದೆ. ಕೆಂಪಿನ ಪಕ್ಕದ್ದಕ್ಕೆ ಹಸಿರು, ನೀಲಿಯ ಪಕ್ಕದ್ದಕ್ಕೆ ಕಿತ್ತಳೆ, ಹಳದಿಯ ಪಕ್ಕದ್ದಕ್ಕೆ ನೇರಳೆ. 1839ರಲ್ಲಿ ಶೆವ್ರಲ್ ಇದನ್ನೆಲ್ಲ ಪುಸ್ತಕವಾಗಿ ತಂದರು. 102 ವರ್ಷ ಬಾಳಿದ ಮನುಷ್ಯ, ಅವರ ಬಗ್ಗೆ ಹೇಳುವುದು ಇನ್ನೂ ಬೇಕಾದಷ್ಟಿದೆ. ಆದರೆ ಗಡಿಯಾರ ಓಡುತ್ತಿದೆ, ಕೆಲಸದ ಮಾತಿಗೆ ಬರೋಣ.

ಬಣ್ಣಗಳನ್ನು ಬಿಡಿಬಿಡಿಯಾಗಿ ಆರಿಸಲು ಹೋಗಬೇಡಿ. ಆಗಲೇ ಹೊಂದಿಕೊಂಡು ಕೂತಿರುವ ಒಂದು ವಸ್ತುವನ್ನು ಹಿಡಿಯಿರಿ. ನಿಮ್ಮಲ್ಲೇ ಇರುವ ಅಚ್ಚಿನ ಬಟ್ಟೆ, ಜಮಖಾನ, ಚಿತ್ರಪಟ, ಒಂದು ಹಕ್ಕಿಗರಿ, ಒಣಗಿದ ಎಲೆ, ಯಾವುದಾದರೂ ಸರಿ, ಒಂದೇ ಒಂದು ಸಾಕು. ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು, ವಿವರಗಳೆಲ್ಲ ಕರಗುವವರೆಗೆ ಕಣ್ಣು ಕಿರಿದು ಮಾಡಿ. ಉಳಿಯುವುದು ಮೂರೋ ನಾಲ್ಕೋ ಬಣ್ಣದ ಪಟ್ಟೆಗಳು. ಒಂದು ದಪ್ಪ ಬಿಳಿ ಕಾಗದದಲ್ಲಿ ಎರಡು ಸೆಂಟಿಮೀಟರಿನ ಕಿಂಡಿ ಕತ್ತರಿಸಿ, ಒಂದೊಂದು ಬಣ್ಣದ ಮೇಲೂ ಇಟ್ಟು ನೋಡಿ. ಆಗ ಅದರ ನಿಜವಾದ ಮುಖ ಕಾಣುತ್ತದೆ. ಶೇಡ್ ಕಾರ್ಡನ್ನು ಈಗ ಬಿಚ್ಚಬಹುದು. ಕಿಂಡಿಯಲ್ಲಿ ಕಂಡ ಬಣ್ಣಕ್ಕೆ ಹತ್ತಿರದ ಚೌಕವನ್ನು ಗುರುತು ಹಾಕಿಕೊಳ್ಳಿ.

ಎಡವುವುದು ಎಲ್ಲಿ ಗೊತ್ತೇ? ಬಟ್ಟೆಯಲ್ಲಿ ಕೆಂಪು ಹೂವಿದೆ, ನಾವು ಅದನ್ನು ಕೆಂಪು ಬಟ್ಟೆ ಅಂತಲೇ ಕರೆಯುತ್ತೇವೆ, ಗೋಡೆಗೂ ಕೆಂಪು ಬಳಿಸುತ್ತೇವೆ. ಕಣ್ಣು ಕಿರಿದು ಮಾಡಿ ನೋಡಿದ್ದರೆ ಆ ಕೆಂಪು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಮಾಸಲು ಕೆನೆ ಬಣ್ಣ ಮತ್ತು ಬೂದು ಹಸಿರು. ಬಣ್ಣದ ಜೊತೆ ಅದರ ಪಾಲನ್ನೂ ತೆಗೆದುಕೊಳ್ಳಿ. ಅಂದಾಜು 60 ಪಾಲು ಗೋಡೆಗೆ, 30 ಪಾಲು ಪರದೆ, ಸೋಫಾಗಳಿಗೆ, 10 ಪಾಲು ಕುಶನ್, ಹೂದಾನಿಗಳಿಗೆ. ಆ ಕೆಂಪಿಗೆ ಕುಶನ್ನೇ ಜಾಗ.

ಫೋಟೊದಿಂದ ಬಣ್ಣ ತೆಗೆಯುವವರಿಗೆ ಒಂದೇ ಮಾತು. ಫೋನು ಬೆಳಕನ್ನು ತನಗೆ ತೋಚಿದಂತೆ ತಿದ್ದುತ್ತದೆ. ಫೋಟೊ ತೆಗೆಯುವಾಗ ಚೌಕಟ್ಟಿನೊಳಗೆ ಒಂದು ಬಿಳಿ ಹಾಳೆ ಇಡಿ. ಹಾಳೆ ಹಳದಿಯಾಗಿ ಬಂದಿದ್ದರೆ ಆ ಫೋಟೊದ ಯಾವ ಬಣ್ಣವನ್ನೂ ನಂಬಬೇಡಿ.

ಮಾದರಿ ನೋಡಲು ಹಳೆಯ ಗೋಡೆಯ ಮೇಲೆ ಅಂಗೈಯಗಲ ಬಳಿಯುತ್ತಾರೆ. ಅದು ದಂಡ, ಯಾಕೆಂದರೆ ಸುತ್ತಲಿನ ಹಳೆ ಬಣ್ಣವೇ ಅದರ ಪಕ್ಕದ ಬಣ್ಣವಾಯಿತಲ್ಲ! ಎರಡಡಿ ಚೌಕದ ಹಲಗೆಗೆ ಎರಡು ಕೋಟ್ ಬಳಿದು, ಪೂರ್ತಿ ಒಣಗಿಸಿ, ನೆಲಕ್ಕೆ ತಾಗಿಸಿ ನಿಲ್ಲಿಸಿ. ಆಮೇಲೆ ಸೋಫಾದ ಹಿಂದೆ ಇಡಿ. ಬೆಳಗ್ಗೆ ನೋಡಿ, ಮಧ್ಯಾಹ್ನ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 2700 ಕೆಲ್ವಿನ್ ಬಲ್ಬು ಹಳದಿ ಚೆಲ್ಲುತ್ತದೆ, 6500 ಕೆಲ್ವಿನ್‌ನದು ನೀಲಿ ಚೆಲ್ಲುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ, 90 ಅಥವಾ ಹೆಚ್ಚು ಅಂತ ಇದ್ದರೆ ಒಳ್ಳೆಯದು. ಇನ್ನು, ಬೂದು ಗೋಡೆ ನೀಲಿಯಾಗಿ ಕಾಣುತ್ತದೆ ಅಂತ ಪೇಂಟರನ್ನು ಬೈಯುವವರು ಮೊದಲು ನೆಲ ನೋಡಿ. ಕಿತ್ತಳೆ ಹೊಳಪಿನ ಮರದ ನೆಲದ ಪಕ್ಕ ಬೂದು ನೀಲಿಗೆ ತಿರುಗುತ್ತದೆ. ಅಂಥಲ್ಲಿ ತುಸು ಹಳದಿ, ಕೆಂಪು ಬೆರೆತ ಬೆಚ್ಚನೆಯ ಬೂದು ತೆಗೆದುಕೊಳ್ಳಿ. ನಾಲ್ಕೂ ಗೋಡೆಗೆ ಬಳಿದಾಗ ಬಣ್ಣ ಒಂದಕ್ಕೊಂದು ಪ್ರತಿಫಲಿಸಿ ಗಾಢವಾಗುವುದರಿಂದ, ಮೆಚ್ಚಿದ ಚೌಕಕ್ಕಿಂತ ಒಂದು ಮೆಟ್ಟಿಲು ತಿಳಿ ಬಣ್ಣವೇ ಇರಲಿ.

ಬಟ್ಟೆಯ ವಿಷಯಕ್ಕೆ ಸಮಯ ಕಡಿಮೆ ಉಳಿಯಿತು, ಬೇಗ ಹೇಳುತ್ತೇನೆ. ಇಲ್ಲಿ ಪಕ್ಕದ ಬಣ್ಣ ಅಂದರೆ ನಿಮ್ಮ ಮುಖ. ಮೇಕಪ್ ತೊಳೆದು, ಹಾಕಿಕೊಂಡ ಅಂಗಿಯ ಮೇಲೆ ಬಿಳಿ ಟವೆಲ್ ಹೊದ್ದು, ಕಿಟಕಿಗೆ ಮುಖ ಮಾಡಿ ಕೂತು, ಒಂದೊಂದೇ ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿಯಿರಿ. ಬಟ್ಟೆ ನೋಡಬೇಡಿ, ಕಣ್ಣಿನ ಕೆಳಗಿನ ಕಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಿ. ಹಸಿರು ಬಟ್ಟೆ ಚರ್ಮದ ಕೆಂಪನ್ನು ಎತ್ತಿ ತೋರಿಸುತ್ತದೆ, ಮೊಡವೆ ಕೆಂಪಾಗಿದ್ದಾಗ ಅದು ಕತ್ತಿನ ಹತ್ತಿರ ಬೇಡ. ಇಷ್ಟದ ಬಣ್ಣ ಮುಖಕ್ಕೆ ಒಪ್ಪದಿದ್ದರೆ ಬಿಡಬೇಕಾಗಿಲ್ಲ, ಸೊಂಟದಿಂದ ಕೆಳಗೆ ಹಾಕಿಕೊಳ್ಳಿ. ಮೇಲಿನದಕ್ಕೆ ಕೆಳಗಿನದನ್ನು ಮ್ಯಾಚ್ ಮಾಡಿ ಕೊಳ್ಳುವಾಗ ಎರಡನ್ನೂ ಅಂಗಡಿಯ ಬಾಗಿಲಾಚೆ ಹಗಲಿಗೆ ತಂದು, ಒಂದರ ಮೇಲೊಂದಿಟ್ಟು ನೋಡಿ. ಬೇರೆ ಬೇರೆ ಬಣ್ಣದ್ರವ್ಯಗಳಲ್ಲಿ ಅದ್ದಿದ ಎರಡು ಬಟ್ಟೆಗಳು ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡು, ಬಿಸಿಲಲ್ಲಿ ಬೇರೆಯಾಗುವುದುಂಟು. ಬಿಲ್ ಹಾಕಿಸುವ ಮೊದಲೇ ಇದನ್ನು ಮಾಡಿ. ನಮಸ್ಕಾರ.